ಬಾಲವಿಲ್ಲದ ಮಿಷನ್ನು

ಮೊಯ್ದುವಿನ ಅಂಗಡಿಯ ಗಾಜಿನ ಮೇಜಿನ ಮೇಲೆ
ಎರಡೂ ಪಕ್ಕಪಕ್ಕ ಮಲಗಿದ್ದವು.
ಒಂದಕ್ಕೆ ಬಾಲ, ನಾಲ್ಕು ಮೀಟರು, ಕರಿ ರಬ್ಬರು.
ಇನ್ನೊಂದು ಮೊಂಡ,
ಹೊಟ್ಟೆಯಡಿಗೆ ಇಟ್ಟಿಗೆಯಂಥ ಬ್ಯಾಟರಿ.
'ಎತ್ತಿ ನೋಡಿ ಮೇಸ್ತ್ರಿ, ಎತ್ತೋದಕ್ಕೆ ದುಡ್ಡಿಲ್ಲ.'

ಎತ್ತಿದೆ.
ವೈರಿನದು ಹಗುರ, ಅದು ಮೊದಲೇ ಗೊತ್ತು,
ಹನ್ನೊಂದು ವರ್ಷದಿಂದ ನನ್ನ ಬಲಗೈಗೆ ಅದರದೇ ತೂಕ.
ಬೆಳಗಿನ ಮೊದಲ ಸ್ಕ್ರೂವಿಗೂ ಸಂಜೆಯ ಕೊನೆಯದಕ್ಕೂ
ಅದೇ ದನಿ, ಅದೇ ಸಿಟ್ಟು.
ಬ್ಯಾಟರಿಯದು ಭಾರ.
ಸೂರಿಗೆ ಹಿಡಿದು ಹತ್ತು ನಿಮಿಷ ನಿಂತರೆ
ಭುಜ ಲೆಕ್ಕ ಕೇಳುತ್ತದೆ.

ಆದರೆ ಕರೆಂಟು?
ಹೋದ ಕಕ್ಕಡದಲ್ಲಿ ಸುಂಟಿಕೊಪ್ಪದ ಬ್ಯೂಟಿ ಪಾರ್ಲರಿಗೆ
ಜಿಪ್ಸಮ್ ಗೋಡೆ ಅಡ್ಡ ಹಾಕುತ್ತಿದ್ದೆವು.
ಲೈನಿನ ಮೇಲೆ ಮರ ಬಿತ್ತು. ಮೂರು ದಿನ ಕತ್ತಲೆ.
ಅರ್ಧ ಕೂರಿಸಿದ ಬೋರ್ಡನ್ನು ತಲೆಯಲ್ಲಿ ತಡೆದು
'ಈಗ ಬರ್ತದೆ, ಈಗ ಬರ್ತದೆ' ಅನ್ನುತ್ತಾ ನಿಂತಿದ್ದ ಐತಪ್ಪಣ್ಣ.
ಕೊನೆಗೆ ಕೈಯಲ್ಲೇ ತಿರುಗಿಸಿದೆವು.
ಕಾಗದ ಹರಿಯಿತು, ಬೋರ್ಡು ಹಿಡಿಯಲಿಲ್ಲ.
ಸ್ಕ್ರೂವಿನ ತಲೆ ಕಾಗದವನ್ನು ಒತ್ತಬೇಕು, ಸೀಳಬಾರದು,
ಮಗುವಿನ ಕೆನ್ನೆಗೆ ಗುಳಿ ಬಿದ್ದಷ್ಟು,
ಅಷ್ಟೇ.

ಬಾಲದ ಸಂಗತಿ ಹೇಳಬೇಕು.
ಬಾಲ ಅಂದರೆ ಐತಪ್ಪಣ್ಣ.
ನಾನು ಏಣಿ ಹತ್ತಿದರೆ ವೈರು ಸಡಿಲ ಬಿಡುತ್ತಾನೆ,
ಇಳಿದರೆ ಮೊಣಕೈಗೆ ಸುತ್ತಿಕೊಳ್ಳುತ್ತಾನೆ,
ಹಗ್ಗ ಹಿಡಿದು ಕರು ಮೇಯಿಸುವವನ ಹಾಗೆ.
ತಗಡಿನ ಚಾನೆಲಿನ ಅಂಚು ಅದನ್ನು ಕೊಯ್ಯಬಾರದು,
ಪುಟ್ಟಿಯ ಬಕೆಟ್ಟಿಗೆ ಅದು ಬೀಳಬಾರದು.
ಇಷ್ಟಕ್ಕೆ ದಿನಕ್ಕೆ ಐನೂರೈವತ್ತು, ಊಟ ನನ್ನದು.
ಮೊಯ್ದು ಕ್ಯಾಲ್ಕುಲೇಟರು ಒತ್ತಿ ತೋರಿಸಿದ್ದೂ ಅದನ್ನೇ:
'ಬ್ಯಾಟರಿಯದು ತಗೊಂಡ್ರೆ ಒಂದಾಳು ಉಳೀತು.
ಎರಡು ತಿಂಗಳಲ್ಲಿ ಮಿಷನ್ನು ಪುಕ್ಕಟೆ.'

ಐತಪ್ಪಣ್ಣ ಬಾಗಿಲಲ್ಲೇ ಇದ್ದ,
ಪೈಂಟ್ ಕಂಪನಿಯ ಕ್ಯಾಲೆಂಡರು ಓದುತ್ತಾ.
ಅವನಿಗೆ ಓದು ಬಾರದು.

ತಗೊಂಡೆ. ಬ್ಯಾಟರಿಯದೇ. ಕಂತಿನ ಮೇಲೆ.
ಉಜ್ಜುವ ಮಿಷನ್ನು ಮಾತ್ರ ವೈರಿನದೇ ಇರಲಿ ಅಂದೆ,
ಇಡೀ ಗೋಡೆ ಉಜ್ಜುವುದಕ್ಕೆ ಯಾವ ಬ್ಯಾಟರಿ ಸಾಕು?
ಇದನ್ನು ಯಾಕೋ ಬಾಗಿಲಿಗೆ ಕೇಳುವಷ್ಟು ಜೋರಾಗಿ ಹೇಳಿದೆ.

ಹುತ್ತರಿ ಕಳೆದು ಎರಡು ವಾರ.
ಮಡಿಕೇರಿಯಲ್ಲಿ, ಡಾಕ್ಟರ್ ದೇಚಕ್ಕನ ಹಲ್ಲಿನ ಆಸ್ಪತ್ರೆ, ಎರಡನೇ ಮಹಡಿ.
ಬೆಳಿಗ್ಗೆ ಏಳೂವರೆ, ಕಿಟಕಿಯಾಚೆ ರಸ್ತೆಯೇ ಇಲ್ಲ, ಬರೀ ಮಂಜು.
ನಾನು ಏಣಿ ಹತ್ತಿದೆ.
ಕೆಳಗೆ ಐತಪ್ಪಣ್ಣನ ಎಡಗೈ
ಇಲ್ಲದ ವೈರನ್ನು ಒಂದು ಗೇಣು ಸಡಿಲ ಬಿಟ್ಟಿತು.
ನೋಡಿದೆ. ನೋಡದವನ ಹಾಗೆ ತಿರುಗಿದೆ.

ಹೊಸ ಮಿಷನ್ನು ಎರಡು ಸ್ಕ್ರೂ ಹೊಡೆದು ನರಳಿತು.
ರಾತ್ರಿಯೆಲ್ಲ ಚೀಲದಲ್ಲಿ ಬಿದ್ದು ಬ್ಯಾಟರಿ ಕೊರಡಾಗಿತ್ತು,
ಮೂರು ದೀಪ ಉರಿಯುವಲ್ಲಿ ಒಂದೇ ದೀಪ.
'ವೈರಿನದು ಹೀಗೆ ಮಾಡ್ತಿರಲಿಲ್ಲ' ಅಂತ ಬೈದೆ, ಯಾರನ್ನೋ.
ಐತಪ್ಪಣ್ಣ ಸ್ವೆಟರಿನ ಕತ್ತಿನೊಳಗೆ ಕೈ ಹಾಕಿ
ಎರಡನೆಯ ಬ್ಯಾಟರಿ ತೆಗೆದ.
'ಬೈಕಲ್ಲಿ ಬರುವಾಗ ಒಳಗಿಟ್ಕೊಂಡೆ,
ಪಾಪ, ಇದಕ್ಕೂ ಚಳಿ ಅಲ್ವಾ?'
ಈಗಷ್ಟೇ ಇಟ್ಟ ಮೊಟ್ಟೆಯ ಬಿಸಿ.
ಕೂರಿಸಿದೆ. ಗೋಡೆ ಗುಂಯ್ ಅಂದಿತು.
ಗುಳಿ, ಗುಳಿ, ಗುಳಿ,
ಒಂದೂ ಸೀಳಲಿಲ್ಲ.

ಹತ್ತು ಗಂಟೆಗೆ ಮೊಯ್ದುವಿನ ಫೋನು:
'ಹೇಗೆ ಮೇಸ್ತ್ರಿ, ಒಂದಾಳು ಉಳೀತಾ?'

ಕೆಳಗೆ ನೋಡಿದೆ.
ಸತ್ತ ಬ್ಯಾಟರಿಯನ್ನು ಚಾರ್ಜಿಗೆ ಹಾಕುವ ಮೊದಲು
ಕಂಕುಳಲ್ಲಿಟ್ಟು ಕೂತಿದ್ದ, ಕಾವಿಗೆ ಕೂತ ಹೇಂಟೆ.
'ಉಳಿದ' ಅಂದೆ.